ವಯನಾಡಿನಲ್ಲಿ ತುರ್ತು ಕರೆ: ಕನ್ನಡ ಕುಟುಂಬಗಳು ಅರಿತಿರಬೇಕಾದ ಸಂಗತಿಗಳು

ಆಪತ್ತು ಬಂದೊದಗಿದಾಗ ಸಹಾಯಕ್ಕಾಗಿ ಮೂರಂಕಿಯ ಸಂಖ್ಯೆಯೊಂದನ್ನು ಒತ್ತುವುದು ಸುಲಭವೆಂದೇ ಎಲ್ಲರೂ ಭಾವಿಸುತ್ತಾರೆ. ಸಂಖ್ಯೆಯನ್ನು ಒತ್ತುವುದು ಸುಲಭವೇ ಹೌದು. ಆದರೆ ಆಚೆಯಿಂದ ಧ್ವನಿ ಕೇಳಿಬಂದ ಬಳಿಕ ನಾವು ಎಲ್ಲಿದ್ದೇವೆ, ಏನಾಗಿದೆ, ಯಾರಿಗೆ ಏನು ಬೇಕು ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಅರ್ಧ ನಿಮಿಷದೊಳಗೆ ಹೇಳಿ ಮುಗಿಸುವುದು ಅಷ್ಟು ಸುಲಭವಲ್ಲ. ಮನೆಯಲ್ಲಿ ಕನ್ನಡವನ್ನಾಡಿ, ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಮಲಯಾಳವನ್ನು ಅಂಗಡಿ ಬೀದಿಯ ಮಟ್ಟಿಗೆ ಮಾತ್ರ ಅರಿತಿರುವ ನಮ್ಮಂಥ ಕುಟುಂಬಗಳಿಗೆ ಈ ಕಷ್ಟ ಇನ್ನಷ್ಟು ಹೆಚ್ಚು. ವಯನಾಡಿನಲ್ಲಿ ನೆಲೆಸಿರುವ ನಮ್ಮವರ ಹಾಗೂ ಅಲ್ಲಿಗೆ ಆಗಾಗ ಹೋಗಿ ಬರುವ ನಮ್ಮೆಲ್ಲರ ಅನುಭವಗಳನ್ನು ಒಟ್ಟುಗೂಡಿಸಿ, ತಿಳಿದಿರಲೇಬೇಕಾದ ಸಂಗತಿಗಳೊಂದಿಗೆ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಹೆತ್ತವರು ಇದನ್ನು ಒಮ್ಮೆ ಮಕ್ಕಳೊಡನೆ ಕುಳಿತು ಓದಬೇಕೆಂಬುದು ನಮ್ಮ ವಿನಂತಿ.

ವಯನಾಡು ಮತ್ತು ಕನ್ನಡ

1980ರ ನವೆಂಬರ್ 1ರಂದು ಕೇರಳದ 12ನೆಯ ಜಿಲ್ಲೆಯಾಗಿ ರೂಪುಗೊಂಡ ವಯನಾಡಿನಲ್ಲಿ ಮಾನಂದವಾಡಿ, ಸುಲ್ತಾನ್ ಬತ್ತೇರಿ, ವೈತ್ತಿರಿ ಎಂಬ ಮೂರು ತಾಲೂಕುಗಳಿವೆ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಿಗೆ ತಾಗಿಕೊಂಡಿರುವ ಈ ನಾಡಿಗೆ ಕನ್ನಡ ಹೊಸದಲ್ಲ. ಸುಲ್ತಾನ್ ಬತ್ತೇರಿಗೆ ‘ಹನ್ನೆರಡು ಬೀದಿ’ ಎಂಬ ಹಳೆಯ ಹೆಸರಿದ್ದುದನ್ನು ಅಲ್ಲಿಯ ಜೈನ ಬಸದಿಯ ಇತಿಹಾಸ ಬಲ್ಲವರು ಇಂದಿಗೂ ಹೇಳುತ್ತಾರೆ. ಕಲ್ಪೆಟ್ಟ, ಮಾನಂದವಾಡಿ ಸುತ್ತಮುತ್ತಲಿನ ಜೈನ ಮನೆತನಗಳ ಮೂಲ ಕನ್ನಡನಾಡಿನಲ್ಲಿದೆ. ಕಾಡಂಚಿನ ಕಾಟ್ಟುನಾಯ್ಕರ ಮತ್ತು ಊರಾಳಿ ಕುರುಮರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. ಇವರೊಂದಿಗೆ ಚಹಾ ಹಾಗೂ ಕಾಫಿ ತೋಟಗಳ ಕೆಲಸಕ್ಕೆಂದು ಗಡಿ ದಾಟಿ ಬಂದು ನಿಂತ ಕುಟುಂಬಗಳಿವೆ. ಕಾಸರಗೋಡಿನಿಂದ ಸರಕಾರಿ ಉದ್ಯೋಗದ ವರ್ಗಾವಣೆಯ ಮೇಲೆ ಹೋದವರೂ ಇದ್ದಾರೆ. ಇಷ್ಟಿದ್ದರೂ ಆಡಳಿತದ ಮಾತು ಮಲಯಾಳ. ದಿನನಿತ್ಯದ ವ್ಯವಹಾರದಲ್ಲಿ ಅದು ತೊಡಕಾಗುವುದಿಲ್ಲ. ತೊಡಕಾಗುವುದು ಗಾಬರಿಯ ಹೊತ್ತಿನಲ್ಲಿ. ಗಾಬರಿಯಾದಾಗ ಮನುಷ್ಯನ ಬಾಯಿಗೆ ಮೊದಲು ಬರುವುದು ತಾಯ್ನುಡಿ.

2024ರ ಜುಲೈ 30: ಒಂದು ಕರೆಯ ಪಾಠ

ವಯನಾಡಿನ ತುರ್ತು ಕರೆಗಳ ಬಗ್ಗೆ ಬರೆಯುವಾಗ ಮೇಪ್ಪಾಡಿ ಪಂಚಾಯತಿನ ಮುಂಡಕೈ, ಚೂರಲ್ಮಲ, ಪುಂಚಿರಿಮಟ್ಟಂ ಪ್ರದೇಶಗಳನ್ನು ನೆನೆಯದೆ ಮುಂದುವರಿಯಲಾಗದು. 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿದ ಬಳಿಕ, 2024ರ ಜುಲೈ 30ರಂದು ಮಧ್ಯರಾತ್ರಿ ಕಳೆದು ಒಂದೆರಡು ಗಂಟೆಯೊಳಗೆ ಮೊದಲನೆಯ ಭೂಕುಸಿತವಾಯಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮತ್ತೊಮ್ಮೆ ಗುಡ್ಡ ಕುಸಿದು ಬಂತು. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಹೋದವು. ಅವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದ ಕನ್ನಡಿಗರೂ ಇದ್ದರು.

ಆ ರಾತ್ರಿ ಹೊರಜಗತ್ತಿಗೆ ತಲಪಿದ ಮೊದಲ ಕರೆಗಳಲ್ಲೊಂದು ಚೂರಲ್ಮಲದ ಮನೆಯೊಂದರಿಂದ ಬಂತು. ಕರೆ ಮಾಡಿದಾಕೆ ಖಾಸಗಿ ಆಸ್ಪತ್ರೆಯೊಂದರ ಸಿಬ್ಬಂದಿ. ಮೊದಲ ಕುಸಿತದ ಬಳಿಕ ಮನೆಯೊಳಗೆ ನೀರು ನುಗ್ಗಿದಾಗ ಆಕೆ ತನ್ನ ಆಸ್ಪತ್ರೆಗೇ ದೂರವಾಣಿ ಮಾಡಿ ಸ್ಥಳವನ್ನು ತಿಳಿಸಿದರು. ತನ್ನೊಂದಿಗೆ ಇನ್ನೂ ಕೆಲವು ಕುಟುಂಬಗಳು ಸಿಲುಕಿಕೊಂಡಿವೆ ಎಂದರು. ಯಾರನ್ನಾದರೂ ಕಳುಹಿಸಿರೆಂದು ಬೇಡಿಕೊಂಡರು. ಆಂಬುಲೆನ್ಸ್ ಹೊರಟಿತು. ಆದರೆ ಮರಗಳೂ ಮಣ್ಣೂ ಬಿದ್ದು ದಾರಿ ಮುಚ್ಚಿಹೋಗಿತ್ತು. ಎರಡನೆಯ ಕುಸಿತದಲ್ಲಿ ಆಕೆ ಇಲ್ಲವಾದರು. ಆ ಕರೆಯ ಧ್ವನಿಮುದ್ರಣ ಮುಂದೆ ಪ್ರಕಟವಾದಾಗ ಅದನ್ನು ಕೇಳಿದವರ ಕಣ್ಣುಗಳು ಒದ್ದೆಯಾದವು.

ಈ ಘಟನೆಯನ್ನು ಇಲ್ಲಿ ಸ್ಮರಿಸಿದ್ದಕ್ಕೆ ಎರಡು ಕಾರಣಗಳಿವೆ. ಆ ತಾಯಿ ಮಾಡಿದ ಕರೆಯಲ್ಲಿ ಹೇಳಬೇಕಾದುದೆಲ್ಲವೂ ಇತ್ತು: ಸ್ಥಳ, ಸಂಗತಿ, ಜನ, ಬೇಕಾದ ಸಹಾಯ. ಮೃತ್ಯುಮುಖದಲ್ಲಿ ನಿಂತು ಅಷ್ಟು ಸ್ಪಷ್ಟವಾಗಿ ಮಾತನಾಡಿದವರು ಅಪರೂಪ. ನಮ್ಮ ಮಕ್ಕಳು ಕಲಿಯಬೇಕಾದ ಮಾದರಿ ಅದು. ಇನ್ನೊಂದು ಕಾರಣ ಕಹಿಯಾದದ್ದು. ಕರೆ ಸರಿಯಾಗಿ ತಲಪಿದರೂ ಮಲೆನಾಡಿನಲ್ಲಿ ಸಹಾಯ ತಲಪಲಾಗದ ಸಂದರ್ಭಗಳಿವೆ. ಚೂರಲ್ಮಲದಿಂದ ಮುಂಡಕೈಗೆ ಹೋಗುವ ಸೇತುವೆ ಕೊಚ್ಚಿಹೋಗಿತ್ತು. ಬೆಂಗಳೂರು ಮೂಲನೆಲೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಮೇಜರ್ ಸೀತಾ ಶೆಲ್ಕೆ ಮೊದಲಾದವರ ಮುಂದಾಳ್ತನದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಹಗಲಿರುಳು ದುಡಿದು ಆಗಸ್ಟ್ 1ರಂದು ಕಟ್ಟಿ ಮುಗಿಸಿದ ಬಳಿಕವೇ ಭಾರೀ ವಾಹನಗಳು ಆಚೆ ದಡ ಸೇರಿದವು. ಆದ್ದರಿಂದ ಮಳೆಗಾಲದಲ್ಲಿ ಕರೆಗಿಂತ ಮೊದಲಿನ ಕೆಲಸ ಸ್ಥಳ ಬಿಟ್ಟು ಹೊರಡುವುದು. ಅದೇ ಮೇಪ್ಪಾಡಿ ಪಂಚಾಯತಿನ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು 17 ಮಂದಿ ಮಡಿದ ದುರಂತವೂ ಇದನ್ನೇ ಹೇಳಿತ್ತು.

ಯಾವ ಸಂಖ್ಯೆ, ಯಾವುದಕ್ಕೆ?

112: ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವು ಎಲ್ಲಕ್ಕೂ ದೇಶದಾದ್ಯಂತ ಒಂದೇ ಸಂಖ್ಯೆ. ಕೇರಳದಲ್ಲಿ ಇದು 2019ರಲ್ಲಿ ಜಾರಿಗೆ ಬಂತು. ರಾಜ್ಯದ ಯಾವ ಮೂಲೆಯಿಂದ ಕರೆ ಮಾಡಿದರೂ ಮೊದಲು ಉತ್ತರಿಸುವವರು ತಿರುವನಂತಪುರದ ರಾಜ್ಯ ಕೇಂದ್ರದವರು. ಅಲ್ಲಿಂದ ಮಾಹಿತಿ ಆಯಾ ಜಿಲ್ಲೆಗೂ ಸಮೀಪದ ಪೊಲೀಸ್ ವಾಹನಕ್ಕೂ ರವಾನೆಯಾಗುತ್ತದೆ. ಇದು ಬಹಳ ಮುಖ್ಯವಾದ ಅಂಶ. ‘ಶಾಲೆಯ ಹಿಂದಿನ ಏರಿನಲ್ಲಿ’, ‘ಬಾವಲಿ ಹೊಳೆಯ ಈಚೆ’ ಎಂದರೆ ನಮ್ಮೂರಿನವರಿಗೆ ತಿಳಿದೀತು. ತಿರುವನಂತಪುರದಲ್ಲಿ ಕುಳಿತವರಿಗೆ ತಿಳಿಯದು. ಜಿಲ್ಲೆ, ಪಂಚಾಯತು, ಊರು, ಆಮೇಲೆ ಗುರುತು ಎಂಬ ಅನುಕ್ರಮದಲ್ಲಿಯೇ ಹೇಳಬೇಕು.

108: ಆಂಬುಲೆನ್ಸ್. ಕೇರಳದಲ್ಲಿ ‘ಕನಿವ್’ ಎಂಬ ಹೆಸರಿನಲ್ಲಿ 2019ರಿಂದ ನಡೆಯುತ್ತಿದೆ. ಕರ್ನಾಟಕದಲ್ಲಿ ಇದೇ ಸಂಖ್ಯೆ 2008ರ ನವೆಂಬರ್ 1ರಿಂದ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿದೆ. ಸಂಖ್ಯೆ ಒಂದೇ ಆದರೂ ವ್ಯವಸ್ಥೆಗಳು ಬೇರೆ ಬೇರೆ ಎಂಬುದನ್ನು ಮರೆಯಬಾರದು.

101: ಅಗ್ನಿಶಾಮಕ ಮತ್ತು ರಕ್ಷಣಾ ದಳ. ವಯನಾಡಿನಲ್ಲಿ ಕಲ್ಪೆಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿಗಳಲ್ಲಿ ಠಾಣೆಗಳಿವೆ. ಬೆಂಕಿಗೆ ಮಾತ್ರವಲ್ಲ, ಬಾವಿಗೆ ಬಿದ್ದವರನ್ನು ಎತ್ತಲು, ಹೊಳೆಯಲ್ಲಿ ಸಿಲುಕಿದವರನ್ನು ಕಾಪಾಡಲು, ದಾರಿಗೆ ಅಡ್ಡಬಿದ್ದ ಮರವನ್ನು ಕಡಿದು ತೆಗೆಯಲು ಬರುವವರೂ ಇವರೇ.

1077: ಜಿಲ್ಲಾ ವಿಪತ್ತು ನಿರ್ವಹಣೆಯ ತುರ್ತು ಕಾರ್ಯಾಚರಣಾ ಕೇಂದ್ರ. ಇಲ್ಲಿ ಮಾತನಾಡುವವರು ಜಿಲ್ಲೆಯಲ್ಲೇ ಇರುವುದರಿಂದ ಊರುಕೇರಿಗಳ ಹೆಸರು ಬೇಗ ತಿಳಿಯುತ್ತದೆ. ಗುಡ್ಡ ಬಿರುಕು ಬಿಟ್ಟಿದೆ, ತೋಡಿನ ನೀರು ಒಮ್ಮೆಲೇ ಕೆಂಪಾಗಿ ಹರಿಯುತ್ತಿದೆ ಎಂಬಂತಹ ಮುನ್ಸೂಚನೆಗಳನ್ನು ತಿಳಿಸಬೇಕಾದುದು ಇಲ್ಲಿಗೆ.

1098 ಮಕ್ಕಳ ಸಹಾಯವಾಣಿ. 181 ಮಹಿಳಾ ಸಹಾಯವಾಣಿ. 1930 ಹಣಕಾಸಿನ ಸೈಬರ್ ವಂಚನೆಗೆ. 1056 ಕೇರಳದ ‘ದಿಶ’ ಆರೋಗ್ಯ ಸಲಹೆಗೆ. 14416 ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ‘ಟೆಲಿ ಮಾನಸ್’. ಇವೆಲ್ಲ ಉಚಿತ ಕರೆಗಳು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ ಒತ್ತಿದಾಗ, ಹಳೆಯ ಮಾದರಿಯ ಫೋನುಗಳಲ್ಲಿ 5 ಅಥವಾ 9ರ ಅಂಕಿಯನ್ನು ಒತ್ತಿ ಹಿಡಿದಾಗ ತುರ್ತು ಕರೆ ಹೋಗುವ ಏರ್ಪಾಡು ಅನೇಕ ಫೋನುಗಳಲ್ಲಿದೆ. ನಿಮ್ಮ ಮನೆಯ ಫೋನಿನಲ್ಲಿ ಅದು ಹೇಗಿದೆಯೆಂಬುದನ್ನು ಸೆಟ್ಟಿಂಗಿನಲ್ಲಿ ನೋಡಿಟ್ಟುಕೊಳ್ಳಿರಿ.

ನಮ್ಮ ಅನುಭವ: ಕನ್ನಡ ಕೇಳಿ ಹಿಗ್ಗಿದ ಕ್ಷಣ

ಕಬಿನಿಯ ದಡದ ಸಮೀಪ ನಮ್ಮ ಬಂಧುಗಳ ಮನೆಯಿದೆ. ಹೊಳೆಯ ಆಚೆ ದಡ ಕರ್ನಾಟಕ. ಒಂದು ಸಂಜೆ ಮನೆಯ ಹಿರಿಯರಿಗೆ ಉಸಿರಾಟ ಕಷ್ಟವಾಗಿ, ತುಟಿ ನೀಲಿಗಟ್ಟತೊಡಗಿತು. ನಾವು ನಡುಗುವ ಕೈಯಿಂದ 112ನ್ನು ಒತ್ತಿದೆವು. ಆಚೆಯಿಂದ ಅಚ್ಚ ಕನ್ನಡದಲ್ಲಿ ನಮಸ್ಕಾರ ಕೇಳಿಬಂತು. ಆ ಕ್ಷಣದಲ್ಲಿ ನಮಗಾದ ಸಮಾಧಾನವನ್ನು ವರ್ಣಿಸಲಾರೆವು, ದೇವರೇ ಮಾತನಾಡಿದಂತಾಯಿತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆವು. ಆ ಸಹೋದರಿ ತಾಳ್ಮೆಯಿಂದ ಕೇಳಿ, ತಾಲೂಕು ಯಾವುದೆಂದು ವಿಚಾರಿಸಿದರು. ಮಾನಂದವಾಡಿ ಎಂದೆವು. ಒಂದು ಗಳಿಗೆ ಮೌನ. ಬಳಿಕ, ತಾವಿರುವುದು ಕರ್ನಾಟಕದ ಕೇಂದ್ರದಲ್ಲಿ, ನೀವಿರುವುದು ಕೇರಳದಲ್ಲಿ ಎಂದು ಅವರು ಮೆಲ್ಲನೆ ತಿಳಿಸಿದರು.

ನಮ್ಮ ಫೋನು ಹೊಳೆಯಾಚೆಯ ಗೋಪುರದ ಸಂಕೇತವನ್ನು ಹಿಡಿದುಕೊಂಡಿತ್ತು. ನಮ್ಮನ್ನು ಸಂತೈಸಿದ ಆ ಕನ್ನಡವೇ ಕರೆ ಬೇರೆ ರಾಜ್ಯಕ್ಕೆ ಹೋಗಿದೆಯೆಂಬುದಕ್ಕೆ ಗುರುತಾಗಿತ್ತು. ಅವರು ತಮ್ಮಿಂದಾದ ಪ್ರಯತ್ನ ಮಾಡುವುದಾಗಿ ಹೇಳಿದರು. ಅವರನ್ನು ದೂರುವ ಕಾರಣವೇನೂ ನಮಗಿಲ್ಲ. ನೆರೆಮನೆಯ ಜೀಪಿನಲ್ಲಿ ಹಿರಿಯರನ್ನು ಕುಳ್ಳಿರಿಸಿ ಹೊರಟು, ದಾರಿಯಲ್ಲಿ ಸಂಕೇತ ಬದಲಾದ ಬಳಿಕ 108ಕ್ಕೆ ಮತ್ತೊಮ್ಮೆ ಕರೆ ಮಾಡಿ, ಅರ್ಧ ದಾರಿಯಲ್ಲಿ ಆಂಬುಲೆನ್ಸನ್ನು ಸಂಧಿಸಿದೆವು. ಹಿರಿಯರು ಬದುಕಿಕೊಂಡರು. ಆದರೆ ಕಳೆದುಹೋದ ಆ ಇಪ್ಪತ್ತು ನಿಮಿಷಗಳನ್ನು ನೆನೆದಾಗ ಇಂದಿಗೂ ಎದೆ ನಡುಗುತ್ತದೆ.

ಬಾವಲಿ, ತೋಲ್ಪೆಟ್ಟಿ, ಮುತ್ತಂಗ, ಪುಲ್ಪಳ್ಳಿಯ ಹೊಳೆದಡ, ಹಾಗೆಯೇ ನಮ್ಮ ತಲಪಾಡಿ, ಪಾಣತ್ತೂರು ಮೊದಲಾದ ಗಡಿ ಪ್ರದೇಶಗಳಲ್ಲಿರುವವರು ಇದರಿಂದ ಕಲಿಯಬೇಕಾದುದು ಇಷ್ಟು. ಕರೆ ಸಂಪರ್ಕಗೊಂಡ ಕೂಡಲೇ ಮೊದಲ ವಾಕ್ಯದಲ್ಲಿಯೇ ರಾಜ್ಯ ಮತ್ತು ಜಿಲ್ಲೆಯ ಹೆಸರನ್ನು ಹೇಳಬೇಕು. ತಪ್ಪು ರಾಜ್ಯಕ್ಕೆ ಹೋಗಿದೆಯೆಂದಾದರೆ ವಾದಕ್ಕಿಳಿಯದೆ, ಸ್ಥಳೀಯ ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ ಮತ್ತು ಹತ್ತಿರದ ಆಸ್ಪತ್ರೆಗಳ ನೇರ ಸಂಖ್ಯೆಗಳಿಗೆ ಕರೆ ಮಾಡಬೇಕು. ಈ ಸಂಖ್ಯೆಗಳನ್ನು ಫೋನಿನಲ್ಲಿ ಮಾತ್ರವಲ್ಲ, ದಪ್ಪಕ್ಷರಗಳಲ್ಲಿ ಬರೆದು ಗೋಡೆಗೂ ಅಂಟಿಸಿರಬೇಕು. ಫೋನಿನ ಚಾರ್ಜು ಮುಗಿಯುವುದು ಆಪತ್ತಿನ ದಿನವೇ.

ಬೆಂಕಿಯೋ ತೀಯೋ, ಹುಲಿಯೋ ಪುಲಿಯೋ?

ಇನ್ನೊಂದು ಅನುಭವ ನಮ್ಮ ಮನೆಯ ಮಗುವಿನದು. ಕನ್ನಡ ಮಾಧ್ಯಮದ ಏಳನೆಯ ತರಗತಿಯಲ್ಲಿದ್ದ ಆಕೆ ರಜೆಯಲ್ಲಿ ವಯನಾಡಿನ ಅಜ್ಜಿಮನೆಗೆ ಹೋಗಿದ್ದಳು. ಕಟ್ಟಿಗೆ ಕೊಟ್ಟಿಗೆಗೆ ಬೆಂಕಿ ಹತ್ತಿಕೊಂಡಾಗ ದೊಡ್ಡವರೆಲ್ಲ ನೀರು ಹೊತ್ತು ಓಡುತ್ತಿದ್ದರು. ಫೋನು ಮಗುವಿನ ಕೈಯಲ್ಲಿತ್ತು. ಆಕೆ ಧೈರ್ಯಗೆಡದೆ 101ಕ್ಕೆ ಕರೆ ಮಾಡಿ ‘ಬೆಂಕಿ, ಬೆಂಕಿ’ ಎಂದಳು. ಆಚೆಯವರಿಗೆ ಆ ಪದ ಅರ್ಥವಾಗಲಿಲ್ಲ. ‘ಎಂದಾ ಮೋಳೇ?’ ಎಂದು ಅವರು ಮತ್ತೆ ಮತ್ತೆ ಕೇಳಿದರು. ಕೊನೆಗೆ ಅಜ್ಜಿ ಅಂಗಳದಿಂದಲೇ ಕೂಗಿ ಹೇಳಿದ ಒಂದಕ್ಷರ ಕೆಲಸಕ್ಕೆ ಬಂತು: ತೀ. ಬೆಂಕಿ ನಂದಿದ ಬಳಿಕ ಆ ಮಗು ಅತ್ತದ್ದು ಹೆದರಿಕೆಯಿಂದಲ್ಲ. ತನಗೆ ಹೇಳಲು ಬರಲಿಲ್ಲವೆಂಬ ನೋವಿನಿಂದ. ಆ ನೋವು ಮಗುವಿನದಾಗಬಾರದಿತ್ತು, ಕಲಿಸದಿದ್ದ ನಮ್ಮದಾಗಬೇಕಿತ್ತು.

ಕನ್ನಡವೂ ಮಲಯಾಳವೂ ಸೋದರ ಭಾಷೆಗಳು. ನಮ್ಮ ಹಾವು ಅವರ ಪಾಂಬು. ನಮ್ಮ ಹೊಳೆ ಅವರ ಪುಳ. ಸಾಮ್ಯವಿದೆಯೆಂಬ ಧೈರ್ಯದಿಂದಲೇ ಕೆಲವೊಮ್ಮೆ ಎಡವುತ್ತೇವೆ. ಕನ್ನಡದ ಹುಲಿ ಎಂಬುದಕ್ಕೆ ಮಲಯಾಳದಲ್ಲಿ ಹೇಳಬೇಕಾದುದು ‘ಕಡುವ’. ಅಲ್ಲಿ ‘ಪುಲಿ’ ಎಂದರೆ ಚಿರತೆ. ಕಾಡುಪ್ರಾಣಿಗಳ ಉಪಟಳವಿರುವ ವಯನಾಡಿನಲ್ಲಿ ಅರಣ್ಯ ಇಲಾಖೆಗೆ ಕರೆ ಮಾಡಿ ಹುಲಿಯನ್ನು ಪುಲಿ ಎಂದರೆ, ಬರುವ ತಂಡದ ಸಿದ್ಧತೆಯೇ ಬೇರೆಯಾದೀತು.

ಆದ್ದರಿಂದ ಕೆಳಗಿನ ಕೆಲವು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡುತ್ತಿದ್ದೇವೆ. ಮಕ್ಕಳು ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಲಿ.

ವಯನಾಡ್ ಜಿಲ್ಲಯಿಲ್ ನಿನ್ನಾಣ್ ವಿಳಿಕ್ಕುನ್ನದ್: ವಯನಾಡು ಜಿಲ್ಲೆಯಿಂದ ಕರೆ ಮಾಡುತ್ತಿದ್ದೇನೆ.
ಆಂಬುಲನ್ಸ್ ವೇಣಂ, ಪೆಟ್ಟೆನ್ನ್ ವರಣಂ: ಆಂಬುಲೆನ್ಸ್ ಬೇಕು, ಬೇಗ ಬರಬೇಕು.
ಶ್ವಾಸಂ ಕಿಟ್ಟುನ್ನಿಲ್ಲ: ಉಸಿರಾಡಲಾಗುತ್ತಿಲ್ಲ.
ನೆಂಜುವೇದನಯಾಣ್: ಎದೆನೋವು.
ಬೋಧಮಿಲ್ಲ: ಪ್ರಜ್ಞೆಯಿಲ್ಲ.
ಪಾಂಬು ಕಡಿಚ್ಚು: ಹಾವು ಕಚ್ಚಿದೆ.
ತೀ ಪಿಡಿಚ್ಚು: ಬೆಂಕಿ ಹತ್ತಿದೆ.
ಉರುಳ್ ಪೊಟ್ಟಿ: ಗುಡ್ಡ ಕುಸಿದಿದೆ.
ವೀಟಿಲ್ ವೆಳ್ಳಂ ಕಯರಿ: ಮನೆಯೊಳಗೆ ನೀರು ನುಗ್ಗಿದೆ.
ಆನ ವನ್ನು: ಆನೆ ಬಂದಿದೆ.
ಕನ್ನಡ ಅರಿಯುನ್ನ ಆರೆಂಗಿಲುಂ ಉಂಡೋ: ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ?

ಕೊನೆಯ ವಾಕ್ಯವನ್ನು ಕೇಳಲು ಸಂಕೋಚ ಬೇಡ. ಆದರೆ ಅದನ್ನು ಕೇಳುವ ಮೊದಲು ಸ್ಥಳದ ಹೆಸರನ್ನು ಹೇಳಿ ಮುಗಿಸಿರಬೇಕು. ಕರೆ ನಡುವೆ ಕಡಿದುಹೋದರೂ ಸ್ಥಳ ತಿಳಿದಿದ್ದರೆ ಹುಡುಕಿಕೊಂಡು ಬರಲು ದಾರಿಯಿರುತ್ತದೆ.

ಹಾವು ಕಚ್ಚಿದಾಗ

2019ರ ನವೆಂಬರ್ 20ರಂದು ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ, ತರಗತಿಯ ನೆಲದ ಬಿಲದಲ್ಲಿದ್ದ ಹಾವು ಐದನೆಯ ತರಗತಿಯ ಬಾಲಕಿಯನ್ನು ಕಚ್ಚಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುತ್ತ, ಕೋಝಿಕ್ಕೋಡಿಗೆ ಒಯ್ಯುವ ದಾರಿಯಲ್ಲಿ ಆ ಮಗು ಕೊನೆಯುಸಿರೆಳೆಯಿತು. ಕೇರಳವಿಡೀ ಮರುಗಿದ ಘಟನೆಯಿದು. ಕಚ್ಚಿದ್ದು ಹಾವೆಂಬ ಸಂಶಯ ಮೂಡಿದೊಡನೆ ಕಾಯದೆ ಹೊರಡಬೇಕೆಂಬುದು ಇದರಿಂದ ಎಲ್ಲ ಶಾಲೆಗಳೂ ಕಲಿತ ಪಾಠ.

ಮಗು ‘ಏನೋ ಕಚ್ಚಿತು’ ಎಂದರೆ ನಂಬಿರಿ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಕೂಡದು. ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ತೆಗೆದು, ಕಚ್ಚಿದ ಅಂಗವನ್ನು ಅಲುಗಿಸದೆ, ಮಗುವನ್ನು ನಡೆಸದೆ ಎತ್ತಿಕೊಂಡೇ ಸಾಗಿಸಬೇಕು. ಹಾವನ್ನು ಕೊಂದು ತರುವ ಅಗತ್ಯವಿಲ್ಲ. 108ಕ್ಕೆ ಕರೆ ಮಾಡುವಾಗ ವಿಷಹಾರಿ ಔಷಧಿ ಲಭ್ಯವಿರುವ ಆಸ್ಪತ್ರೆ ಹತ್ತಿರದಲ್ಲಿ ಯಾವುದೆಂದು ಕೇಳಿರಿ. ಔಷಧಿಯಿಲ್ಲದ ಆಸ್ಪತ್ರೆಗೆ ಮೊದಲು ಹೋಗಿ ಅಲ್ಲಿಂದ ಮುಂದಕ್ಕೆ ಹೋಗುವುದರಲ್ಲಿಯೇ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಮನೆಯೊಳಗೆ ಹಾವು ಕಂಡಾಗ ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಸಿಕೊಳ್ಳಲು ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಎಂಬ ಆ್ಯಪ್ ಇದೆ.

ಕಾಡಿನ ದಾರಿ, ರಾತ್ರಿಯ ದಾರಿ

ವಯನಾಡಿನಿಂದ ಮೈಸೂರಿಗೆ ರೋಗಿಯನ್ನು ಒಯ್ಯಬೇಕಾದಾಗ ದಾರಿಯ ನಿಯಮ ತಿಳಿದಿರಬೇಕು. ಬಂಡೀಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ನಾಗರಹೊಳೆ ಅರಣ್ಯದ ಮೂಲಕ ಹೋಗುವ ಬಾವಲಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಹೆದ್ದಾರಿಯ ರಾತ್ರಿ ನಿರ್ಬಂಧದಿಂದ ಆಂಬುಲೆನ್ಸ್‌ಗಳಿಗೆ ವಿನಾಯಿತಿಯುಂಟು. ಸ್ವಂತ ಕಾರಿನಲ್ಲಿ ಹೊರಟರೆ ತನಿಖಾ ಠಾಣೆಯಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾದೀತು. ಆದ್ದರಿಂದ ರಾತ್ರಿ ವೇಳೆ ಗಡಿಯಾಚೆಗೆ ಹೋಗಬೇಕಾದಲ್ಲಿ ಆಂಬುಲೆನ್ಸಿನಲ್ಲಿ, ಆಸ್ಪತ್ರೆಯ ಚೀಟಿಯೊಂದಿಗೆ ಹೊರಡುವುದೇ ಉಚಿತ. ಪಶ್ಚಿಮಕ್ಕೆ ಕೋಝಿಕ್ಕೋಡು ವೈದ್ಯಕೀಯ ಕಾಲೇಜಿಗೆ ಹೋಗುವವರಿಗೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಿವೆ. ಮಳೆಗಾಲದಲ್ಲಿ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು.

ಗಡಿ ಎಂಬುದು ರೋಗಿಯ ಪಾಲಿಗೆ ಏನಾಗಬಲ್ಲುದೆಂಬುದನ್ನು ಕಾಸರಗೋಡಿನ ನಾವು ಬಲ್ಲೆವು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಎಷ್ಟೋ ಮನೆಗಳು ಕಂಗೆಟ್ಟವು. ವಿಷಯ ಕೇರಳ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲಿನಲ್ಲಿ ರೋಗಿಗಳ ಸಂಚಾರಕ್ಕೆ ವ್ಯವಸ್ಥೆಯಾಯಿತು.

ಆನೆಗೆ ಗಡಿಯಿಲ್ಲ. 2024ರ ಫೆಬ್ರವರಿ 10ರಂದು ಮಾನಂದವಾಡಿ ಸಮೀಪದ ಪಯ್ಯಂಪಳ್ಳಿಯಲ್ಲಿ ಒಬ್ಬರನ್ನು ಬಲಿ ತೆಗೆದುಕೊಂಡ ‘ಬೇಲೂರು ಮಖ್ನಾ’ ಕರ್ನಾಟಕದಲ್ಲಿ ಹಿಡಿದು ರೇಡಿಯೋ ಕಾಲರ್ ತೊಡಿಸಿದ್ದ ಆನೆ. ಅದರ ಚಲನವಲನದ ಮಾಹಿತಿ ಗಡಿಯಾಚೆಗೆ ಸಕಾಲದಲ್ಲಿ ಸಿಗಬೇಕೆಂಬ ಕೂಗು ಎದ್ದಿತು. ಅದೇ ವರ್ಷ ಮಾರ್ಚ್ 10ರಂದು ಬಂಡೀಪುರದಲ್ಲಿ ನೆರೆರಾಜ್ಯಗಳ ಸಹಕಾರದ ಒಡಂಬಡಿಕೆಗೆ ಸಹಿ ಬಿತ್ತು. ಆನೆ ಕಂಡಾಗ ಫೋನು ಹಿಡಿದು ಚಿತ್ರ ತೆಗೆಯುವುದಲ್ಲ. ಮನೆಯೊಳಗೆ ಸೇರಿ ಅರಣ್ಯ ಇಲಾಖೆಯ ಕ್ಷಿಪ್ರ ಸ್ಪಂದನ ತಂಡಕ್ಕೆ ತಿಳಿಸಬೇಕು.

ಸಹಾಯ ಬರುವ ತನಕ

ಕರೆ ಮುಗಿದ ಬಳಿಕ ಫೋನನ್ನು ಬಿಡುವಾಗಿಡಿ. ಆಂಬುಲೆನ್ಸ್ ಚಾಲಕರು ದಾರಿ ಕೇಳಲು ಮರಳಿ ಕರೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಬಂಧುಗಳಿಗೆಲ್ಲ ಸುದ್ದಿ ತಿಳಿಸುತ್ತ ಕೂರುವುದು ನಾವೆಲ್ಲರೂ ಮಾಡುವ ತಪ್ಪು. ಮುಖ್ಯ ರಸ್ತೆಯಿಂದ ಕವಲೊಡೆಯುವಲ್ಲಿ ಒಬ್ಬರನ್ನು ಟಾರ್ಚು ಹಿಡಿದು ನಿಲ್ಲಿಸಿರಿ. ವಾಹನ ಮನೆಯಂಗಳದ ತನಕ ಬರದಿದ್ದರೆ ರೋಗಿಯನ್ನು ಹೊರಲು ಕುರ್ಚಿ ಅಥವಾ ಗಟ್ಟಿ ಕಂಬಳಿ ಸಿದ್ಧವಿರಲಿ. ಸೇವಿಸುತ್ತಿರುವ ಔಷಧಿಗಳ ಚೀಟಿ ಕೈಗೆ ಸಿಗುವಂತಿರಲಿ.

ಪ್ರಜ್ಞೆಯಿಲ್ಲದೆ, ಉಸಿರಾಟವೂ ನಿಂತವರಿಗೆ ಎದೆಯ ನಡುಭಾಗದಲ್ಲಿ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ತಗ್ಗುವಷ್ಟು ಒತ್ತುತ್ತಿರಬೇಕು. ಫೋನನ್ನು ಸ್ಪೀಕರಿನಲ್ಲಿಟ್ಟು, ಆಚೆಯವರು ಹೇಳಿದಂತೆ ಮಾಡಬಹುದು.

ರಸ್ತೆ ಅಪಘಾತದಲ್ಲಿ ಸಹಾಯ ಮಾಡಲು ‘ಪೊಲೀಸು, ಕೋರ್ಟು’ ಎಂದು ಹೆದರುವವರು ಇನ್ನೂ ಇದ್ದಾರೆ. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯ ಅಂತಹ ಸಹಾಯಕರ ರಕ್ಷಣೆಯ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 134ಎ ಕಲಮಿನ ಮೂಲಕ ಅದನ್ನು ಕಾನೂನಾಗಿಸಿತು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರು ತಮ್ಮ ಹೆಸರನ್ನು ಹೇಳಲೇಬೇಕೆಂದಿಲ್ಲ.

ಮಳೆಯ ಎಚ್ಚರಿಕೆಗಳನ್ನೂ ಅರ್ಥ ಮಾಡಿಕೊಳ್ಳಬೇಕು. ದಿನವೊಂದಕ್ಕೆ 64.5ರಿಂದ 115.5 ಮಿಲಿಮೀಟರ್ ಭಾರೀ ಮಳೆ, 115.6ರಿಂದ 204.4ರ ತನಕ ಅತಿ ಭಾರೀ ಮಳೆ, ಅದಕ್ಕೂ ಮೇಲ್ಪಟ್ಟದ್ದು ತೀವ್ರ ಸ್ವರೂಪದ ಮಳೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಸಾಮಾನ್ಯವಾಗಿ ಈ ಕ್ರಮವನ್ನೇ ಅನುಸರಿಸುತ್ತವೆ. 2025ರ ಜನವರಿಯಲ್ಲಿ ಕೇರಳ ಸರಕಾರ ‘ಕವಚಂ’ ಎಂಬ ಸೈರನ್ ಜಾಲವನ್ನು ಉದ್ಘಾಟಿಸಿತು. ಸೈರನ್ ಕೇಳಿಸಿದರೆ ಅರ್ಥ ಹುಡುಕುತ್ತ ಕೂರದೆ ಎತ್ತರದ, ಸುಭದ್ರವಾದ ಸ್ಥಳಕ್ಕೆ ತೆರಳಬೇಕು.

ನಮ್ಮ ಹಕ್ಕು, ನಮ್ಮ ಕರ್ತವ್ಯ

1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸಚಿವಾಲಯ ಹಾಗೂ ಇಲಾಖಾ ಮುಖ್ಯಸ್ಥರೊಡನೆಯೂ, ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ನೀಡಿದೆ. ಇವೆಲ್ಲ ಕಾಗದದ ಮೇಲಿನ ಮಾತಿಗೆ ಸಂಬಂಧಿಸಿದವು. ಪ್ರಾಣ ಹೋಗುವ ಹೊತ್ತಿನ ಮಾತಿಗೂ ಇಂತಹ ಆಶ್ರಯ ಬೇಕೆಂದು ಕೇಳುವುದು ಅತಿಯಾಸೆಯಲ್ಲ. ತುರ್ತು ಕೇಂದ್ರಗಳಲ್ಲಿ ಕನ್ನಡ ಬಲ್ಲವರೊಬ್ಬರು ಸಂಪರ್ಕಕ್ಕೆ ಸಿಗುವಂತಾಗಬೇಕು. ಗಡಿಯ ಗೋಪುರಗಳಿಂದ ಅಡ್ಡದಾರಿ ಹಿಡಿದ ಕರೆಗಳನ್ನು ಎರಡೂ ರಾಜ್ಯಗಳ ಕೇಂದ್ರಗಳು ತಕ್ಷಣ ಪರಸ್ಪರ ವರ್ಗಾಯಿಸುವಂತಾಗಬೇಕು. ವಿಪತ್ತಿನ ಸೂಚನೆಗಳು ಕನ್ನಡದಲ್ಲಿಯೂ ಪ್ರಕಟವಾಗಬೇಕು. ಇದನ್ನು ಕನ್ನಡದಲ್ಲಿಯೇ ಬರೆದು ಕೇಳೋಣ.

ಅದು ಈಡೇರುವ ತನಕ ನಮ್ಮ ಕರ್ತವ್ಯವನ್ನು ನಾವು ಮಾಡಬೇಕು. ವೆಳ್ಳರ್ಮಲದ ಶಾಲೆ ದುರಂತದಲ್ಲಿ ಹಾನಿಗೊಂಡಾಗ, ಅಲ್ಲಿಯ ಮಕ್ಕಳು 2024ರ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಕಲಿಕೆ ನಿಲ್ಲಲಿಲ್ಲ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ವರ್ಷಕ್ಕೊಂದು ದಿನ ತುರ್ತು ಕರೆಯ ಅಭ್ಯಾಸ ನಡೆಯಲಿ. ಒಬ್ಬರು ಕರೆ ಮಾಡುವವರಾಗಿ, ಇನ್ನೊಬ್ಬರು ಉತ್ತರಿಸುವವರಾಗಿ, ನಿಜವಾದ ಸಂಖ್ಯೆಯನ್ನು ಒತ್ತದೆ ಆಡುವ ಆಟ ಅದಾಗಲಿ. ಜಿಲ್ಲೆ, ಪಂಚಾಯತು, ಊರು, ಗುರುತು, ಸಂಗತಿ, ಎಷ್ಟು ಜನ, ನಮ್ಮ ಸಂಖ್ಯೆ: ಈ ಏಳನ್ನು ಮಗು ಎರಡೂ ಭಾಷೆಗಳಲ್ಲಿ ತಡವರಿಸದೆ ಹೇಳಬಲ್ಲದಾದರೆ ಸಾಕು. ಇಂದು ಸಂಜೆಯೇ ನಿಮ್ಮ ಮನೆಯಲ್ಲಿ ಅದನ್ನು ಆರಂಭಿಸಿರಿ.